ಲೈಟ್‌ಹೌಸಿಗೆ ಅರುವತ್ತು ಮೀಟರ್

ನಮ್ಮ ಸೀಮೆಗೆ ಬರುವ ಪ್ರವಾಸಿಗರು ಬಸ್ಸಿಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆಗೇ ನಮ್ಮಲ್ಲಿ ಉತ್ತರವಿಲ್ಲ. ಇಲ್ಲಿಂದ ಸಮುದ್ರ ತೀರಕ್ಕೆ ಎಷ್ಟು ದೂರ ಎನ್ನುತ್ತಾರೆ. ಬಸ್ ನಿಲ್ದಾಣದ ಪಕ್ಕದ ಪ್ರವಾಸಿ ಮಾಹಿತಿ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕುಳಿತಿರುವ ಲೋಕಯ್ಯನೆಂಬ ನಾನು ಅವರ ಮುಖ ನೋಡಿ ಅಂದಾಜಿನಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಮಕ್ಕಳಾದರೆ ಇನ್ನೂರು ಹೆಜ್ಜೆ. ಆಫೀಸಿನವರ ಒತ್ತಾಯಕ್ಕೆ ಬಂದ ಗುಮಾಸ್ತರಾದರೆ ಐದು ಕಿಲೋಮೀಟರ್. ಹೊಸದಾಗಿ ಮದುವೆಯಾದವರಿಗೆ ನಾನು ಏನೂ ಹೇಳುವುದಿಲ್ಲ. ಅವರು ಹೇಗೂ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ.

ಭೂಗೋಳ ಹೇಳಬೇಕೆಂದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಎರಡು ಹೊಳೆ, ಆ ಹೊಳೆಗಳು ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ನಮ್ಮ ಪೇಟೆ. ಇಷ್ಟು ಗಟ್ಟಿ. ಇವುಗಳ ನಡುವಿನ ದಾರಿ ಮಾತ್ರ ನಡೆಯುವವರ ಮನಸ್ಸನ್ನು ಹೊಂದಿಕೊಂಡಿದೆ. ಹೋಗುವ ಆಸೆಯಿದ್ದರೆ ದಾರಿ ಗಿಡ್ಡ, ಇಲ್ಲದಿದ್ದರೆ ಉದ್ದ. ಮನಸ್ಸಿದ್ದರೆ ಮಾರ್ಗ ಎಂದು ಬೇರೆ ಊರಿನವರು ಗಾದೆ ಹೇಳಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಆ ಗಾದೆಗೆ ಮೈಲುಗಲ್ಲು ನೆಡಬೇಕು, ಬಸ್ಸಿನ ವೇಳಾಪಟ್ಟಿ ಬರೆಯಬೇಕು.

ನಮ್ಮ ಇತಿಹಾಸವೂ ಹಾಗೆಯೇ ಸಾಗಿದೆ. ಘಟ್ಟದ ಮೇಲಿನ ಒಬ್ಬ ಅರಸ ನಮ್ಮನ್ನು ಗೆಲ್ಲಲು ದಂಡು ಕಳಿಸಿದ. ಹೆಂಡತಿ ಮಕ್ಕಳನ್ನು ಬಿಟ್ಟು ಬರಲು ಸೈನಿಕರಿಗೆ ಮನಸ್ಸಿರಲಿಲ್ಲ. ಹದಿನಾಲ್ಕು ವರ್ಷ ನಡೆದು ಅವರು ನಮ್ಮ ಕೋಟೆ ಮುಟ್ಟುವಾಗ ಅರಸ ತೀರಿಹೋಗಿದ್ದ, ಯುದ್ಧ ಯಾತಕ್ಕೆಂಬುದು ಮರೆತೇಹೋಗಿತ್ತು. ನಮ್ಮವರು ಗಂಜಿ, ಉಪ್ಪಿನಕಾಯಿ ಕೊಟ್ಟು ವಾಪಸು ಕಳಿಸಿದರು. ಅವರು ಅರ್ಧ ಗಳಿಗೆಯಲ್ಲಿ ಮನೆ ಸೇರಿದರಂತೆ. ಕರಿಮೆಣಸಿನ ಆಸೆಗೆ ಬಂದ ಪರಂಗಿಯವರದ್ದು ಇದಕ್ಕೆ ತದ್ವಿರುದ್ಧ. ಅವರ ಕಪ್ತಾನನಿಗೆ ಎಷ್ಟು ಅವಸರವೆಂದರೆ ಹಡಗು ಬರುವುದಕ್ಕೆ ಎರಡು ದಿನ ಮೊದಲೇ ಅವನೊಬ್ಬನೇ ದಡದಲ್ಲಿ ಚೀಲ ಹಿಡಿದು ನಿಂತಿದ್ದ. ಅವನು ತನ್ನದೇ ಹಡಗಿಗೆ ಕಾಯುತ್ತ ಕುಳಿತ ಬಂಡೆಯನ್ನು ಈಗಲೂ ತೋರಿಸುತ್ತೇವೆ. ಭೇಟಿಯ ಸಮಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು.

ಹೊರಗಿನವರು ಇದನ್ನೆಲ್ಲ ಕೇಳಿ ಕಣ್ಣರಳಿಸುತ್ತಾರೆ. ನಮಗೆ ಅಭ್ಯಾಸವಾಗಿಹೋಗಿದೆ. ಶಾಲೆಯ ಮಕ್ಕಳು ಬೆಳಕು ಹರಿಯುವಾಗ ಮನೆಬಿಟ್ಟು ಹತ್ತೂವರೆಗೆ ಶಾಲೆ ಮುಟ್ಟುತ್ತಾರೆ, ಸಂಜೆಯ ಗಂಟೆಯ ಸದ್ದು ನಿಲ್ಲುವ ಮೊದಲು ಅಡುಗೆಮನೆಯಲ್ಲಿ ತಿಂಡಿಯ ಡಬ್ಬಿ ಹುಡುಕುತ್ತಿರುತ್ತಾರೆ. ಹಲ್ಲಿನ ಡಾಕ್ಟರು ಪೇಟೆಯ ನಟ್ಟನಡುವೆ ಕ್ಲಿನಿಕ್ ತೆರೆದರು. ಮೂರು ತಿಂಗಳಾದರೂ ಒಬ್ಬನೇ ಒಬ್ಬ ರೋಗಿ ಬಂದು ಮುಟ್ಟಲಿಲ್ಲ. ಈಗ ಅವರೇ ಚೀಲ ಹಿಡಿದು ಮನೆಮನೆಗೆ ಹೋಗುತ್ತಾರೆ. ಬಸ್ಸಿನ ಕಷ್ಟ ಬೇರೆ ರೀತಿಯದು. ನಲವತ್ತು ಜನ ಹತ್ತಿದರೆ ನಲವತ್ತು ಮನಸ್ಸು. ಮಾವನ ಮನೆಗೆ ಒಲ್ಲದ ಮನಸ್ಸಿನಿಂದ ಹೊರಟ ಒಬ್ಬ ಅಳಿಯ ಸಾಕು, ಇಡೀ ಬಸ್ಸು ಒಂದು ಗಂಟೆ ತಡ. ಅದಕ್ಕೆ ಕಂಡಕ್ಟರ್ ಬಾಬಣ್ಣ ಟಿಕೆಟ್ ಹರಿಯುವ ಮೊದಲು ಮುಖ ನೋಡುತ್ತಾನೆ. ಸಂಶಯ ಬಂದರೆ ಕೇಳಿಯೇ ಬಿಡುತ್ತಾನೆ.

“ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಾ ಇಲ್ವಾ? ಇಲ್ಲದಿದ್ರೆ ಇಳಿರಿ ಮಾರಾಯ್ರೆ, ನಡ್ಕೊಂಡು ಬನ್ನಿ. ಬಸ್ಸಲ್ಲಿ ಮದುವೆ ದಿಬ್ಬಣ ಉಂಟು.”

ಆದರೆ ಒಂದು ಮಾತನ್ನು ಬಾಬಣ್ಣನೂ ಕೇಳುವುದಿಲ್ಲ. ನಿಮಗೆ ಇಲ್ಲಿಗೆ ಎಷ್ಟು ದೂರವಾಯಿತು ಎಂದು ಬಂದವರನ್ನು ಕೇಳುವುದು ನಮ್ಮಲ್ಲಿ ಮಹಾ ಅಮರ್ಯಾದೆ. ಹೆಂಗಸರ ವಯಸ್ಸು ಕೇಳಬಹುದು, ಗಂಡಸರ ಸಂಬಳ ಕೇಳಬಹುದು, ಇದನ್ನು ಕೇಳಬಾರದು. ಅತ್ತೆಯ ಮನೆ ಹನ್ನೆರಡು ಕಿಲೋಮೀಟರ್, ಅದರ ಪಕ್ಕದ ಗೆಳತಿಯ ಮನೆ ಹದಿನೈದು ಹೆಜ್ಜೆ ಎಂದು ಸೊಸೆ ಬಾಯಿಬಿಟ್ಟರೆ ಸಂಸಾರ ಉಳಿದೀತೇ? ಹಾಗಾಗಿ ಎಲ್ಲರೂ ತಮ್ಮ ತಮ್ಮ ದೂರವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಉಳಿದವರಿಗೂ ಹೆಚ್ಚು ಕಡಿಮೆ ಅಷ್ಟೇ ಇರಬಹುದೆಂದು ತಿಳಿದು ಬದುಕುತ್ತಾರೆ. ನಾನು ಸಿಕ್ಕಿಬಿದ್ದದ್ದು ಇಲ್ಲೇ.

ರಾಜಧಾನಿಯ ಕಚೇರಿ ಪ್ರತಿ ಐದು ವರ್ಷಕ್ಕೊಮ್ಮೆ ನಮ್ಮ ಸೀಮೆಯ ಪ್ರವಾಸಿ ಕೈಪಿಡಿಯನ್ನು ಅಚ್ಚು ಹಾಕಿಸುತ್ತದೆ. ಬರೆಯುವವನು ನಾನು. ಅದರ ಕೊನೆಯ ಪುಟದಲ್ಲಿ ಬಸ್ ನಿಲ್ದಾಣದಿಂದ ಪ್ರೇಕ್ಷಣೀಯ ಸ್ಥಳಗಳಿಗೆ ಇರುವ ದೂರದ ಪಟ್ಟಿ ಇರುತ್ತದೆ. ಆ ಕಾಲಮ್ಮಿನಲ್ಲಿ ನಾನು ಯಾವಾಗಲೂ ‘ಅವರವರಿಗೆ ಬಿಟ್ಟದ್ದು’ ಎಂದು ಬರೆಯುತ್ತಿದ್ದೆ. ಈ ಸಲ ಬಂದ ಹೊಸ ಅಧಿಕಾರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಂಕಿಯಿಲ್ಲದಿದ್ದರೆ ಕೈಪಿಡಿಯೂ ಇಲ್ಲ ಎಂದು ಮೂರು ಸಲ ಕಾಗದ ವಾಪಸು ಬಂತು. ಕೊನೆಗೆ ಪಂಚಾಯತಿನ ಅಧ್ಯಕ್ಷೆ, ನಿವೃತ್ತಿಯಾದ ಗಣಿತದ ಸುಗಂಧಿ ಟೀಚರು ಸಭೆ ಕರೆದರು.

“ಆಸೆ ಇದ್ದವರು ನಡೆದ್ರೆ ಕಡಿಮೆ ಬರ್ತದೆ, ಬೇಡದವರು ನಡೆದ್ರೆ ಜಾಸ್ತಿ ಬರ್ತದೆ,” ಎಂದರು ಟೀಚರು. “ಯಾವುದರ ಮೇಲೂ ಆಸೆ ಇಲ್ಲದ ಒಬ್ಬ ಜನ ನಡೆದು ಅಳೆದ್ರೆ ಸರಿಯಾದ ಲೆಕ್ಕ ಸಿಕ್ತದೆ.”

ಸಭೆಯಲ್ಲಿದ್ದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ನನಗೆ ಆಗ ನಲವತ್ತಮೂರು. ಮದುವೆಯಿಲ್ಲ, ಮಕ್ಕಳಿಲ್ಲ, ಜಾಗದ ತಕರಾರಿಲ್ಲ.

“ಲೋಕಯ್ಯನೇ ಸೈ,” ಎಂದ ಬಾಬಣ್ಣ. “ಬಿಸಿ ಹಾಕಿದ್ರೂ ಉಣ್ತಾನೆ, ತಂಗಳು ಹಾಕಿದ್ರೂ ಉಣ್ತಾನೆ. ಮುಖ ಒಂದೇ. ಇವನಿಗೆ ಎಂತದೂ ಬೇಡ.”

ಇದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಹಳೆಯ ಸೈಕಲ್ ಗಾಲಿಗೆ ದೂರ ಅಳೆಯುವ ಒಂದು ಮೀಟರ್ ಕಟ್ಟಿಸಿಕೊಂಡು ಸೋಮವಾರವೇ ಹೊರಟೆ. ಕೋಟೆಗೆ ನಾಲ್ಕು ಕಿಲೋಮೀಟರ್ ಇನ್ನೂರು ಮೀಟರ್ ಬಂತು. ಬಾವಲಿ ಗುಹೆಗೆ ಏಳು. ಅಳಿವೆಗೆ ಒಂದೂಕಾಲು. ಕಪ್ತಾನನ ಬಂಡೆಗೆ ಮೂರು. ಎಲ್ಲವೂ ಸಪ್ಪೆಯಾಗಿ, ಮರ್ಯಾದಸ್ಥವಾಗಿ ಬಂದ ಅಂಕಿಗಳು. ಟೀಚರು ನೋಡಿ, ಇಷ್ಟು ತಣ್ಣಗಿನ ಮನುಷ್ಯ ಸೀಮೆಯಲ್ಲೇ ಇಲ್ಲ ಎಂದು ಮೆಚ್ಚಿಕೊಂಡರು. ಶನಿವಾರ ಸಂಜೆ ಲೈಟ್‌ಹೌಸೊಂದೇ ಉಳಿದಿತ್ತು. ಮೀನು ಮಾರ್ಕೆಟ್ ದಾಟಿ, ಐಸ್ ಫ್ಯಾಕ್ಟರಿ ದಾಟಿ, ಎರಡು ತೆಂಗಿನ ತೋಟ ದಾಟಿ, ಮರಳ ದಿಬ್ಬ ಹತ್ತಿ ಇಳಿದೆ. ಮೀಟರ್ ಅರುವತ್ತು ತೋರಿಸಿತು. ಅರುವತ್ತು ಎಂದು ಬರೆದುಕೊಂಡೆ. ಅರುವತ್ತು ಮೀಟರಿನಲ್ಲಿ ಎರಡು ತೆಂಗಿನ ತೋಟ ಹೇಗೆ ಹಿಡಿದವು ಎಂದು ನನಗೆ ಹೊಳೆಯಲೇ ಇಲ್ಲ. ಆರು ವರ್ಷದಿಂದ ಆ ದಾರಿ ಅಷ್ಟೇ ಇತ್ತಲ್ಲ.

ಆ ಲೈಟ್‌ಹೌಸನ್ನು ನೋಡಿಕೊಳ್ಳುವವರು ವಾರಿಜ. ಅಪ್ಪನಿಂದ ಬಂದ ಕೆಲಸ. ದೀಪ ಈಗ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಜು ಒರೆಸುವುದು, ಬೆಳಿಗ್ಗೆ ಬಾವುಟ ಏರಿಸಿ ಬಾಗಿಲು ಹಾಕುವಾಗ ಇಳಿಸುವುದು, ಬಂದವರನ್ನು ನೂರಾ ಎಪ್ಪತ್ತೆರಡು ಮೆಟ್ಟಿಲು ಹತ್ತಿಸುವುದು ಅವರ ಪಾಲು. ಅವರಿಗೆ ಎರಡು ಸಲ ಸಂಬಂಧ ಕೂಡಿಬಂದು, ಎರಡು ಸಲವೂ ಗಂಡಿನ ಕಡೆಯವರು ದಾರಿ ಸವೆಯದೆ ಅರ್ಧದಿಂದ ಹಿಂದೆ ಹೋಗಿದ್ದರು. ಅಂಥವರು ಬಾರದಿದ್ದದ್ದೇ ಒಳ್ಳೆಯದಾಯಿತೆಂದು ವಾರಿಜ ನಗುತ್ತಿದ್ದರು. ಅಂದಂದಿನ ಪ್ರವಾಸಿಗರ ಸಂಖ್ಯೆ ಕೇಳುವ ನೆವದಲ್ಲಿ ನಾನು ದಿನಾ ಸಂಜೆ ಹೋಗುತ್ತಿದ್ದೆ. ಕಳ್ಳನಿಗೊಂದು ಪಿಳ್ಳೆ ನೆವ, ಆದರೆ ಕಳ್ಳನೆಂದು ನನಗೇ ಗೊತ್ತಿರಲಿಲ್ಲ. ಅವರು ಪುನರ್ಪುಳಿ ಶರಬತ್ತು ಕೊಡುತ್ತಿದ್ದರು. ನಾವು ಗಾಳಿಯ ದಿಕ್ಕಿನ ಬಗ್ಗೆ ಮಾತಾಡುತ್ತಿದ್ದೆವು. ಊರಿಗೆ ಊರೇ ಅವರನ್ನು ವಾರಿಜಕ್ಕ ಎನ್ನುತ್ತದೆ. ಆ ‘ಅಕ್ಕ’ ಮಾತ್ರ ನನ್ನ ಗಂಟಲು ದಾಟುತ್ತಿರಲಿಲ್ಲ. ಆ ಮಾತಿಗೆ ಬಂದಾಗೆಲ್ಲ ಕೆಮ್ಮು ಬರುತ್ತಿತ್ತು. ಆರು ವರ್ಷ ನಾನು ಕೆಮ್ಮಿದೆ, ಆರು ವರ್ಷ ಅವರು ಆ ಕೆಮ್ಮಿಗೆ ಶುಂಠಿ ಕೊಟ್ಟರು.

ಮೂರು ಸಾವಿರ ಕೈಪಿಡಿ ಅಚ್ಚಾಗಿ ಬಂದವು. ಕೊನೆಯ ಪುಟದ ಪಟ್ಟಿಯನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ ಬಸ್ ನಿಲ್ದಾಣದಲ್ಲಿ ಬೋರ್ಡು ಹಾಕಿದೆವು. ಮರುದಿನ ಬೆಳಿಗ್ಗೆ ಬಾಬಣ್ಣ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದ. ಆಮೇಲೆ ನನ್ನ ಕಿಟಕಿಗೆ ಬಂದ.

“ಲೋಕಯ್ಯ, ಲೈಟ್‌ಹೌಸಿಗೆ ಅರುವತ್ತು ಮೀಟರಾ?”

“ಹೌದಲ್ಲ.”

“ಸರಿಯಾಗಿ ಅಳ್ದಿದ್ದೀಯಾ?”

“ಎರಡು ಸಲ ಅಳ್ದೆ. ಯಾಕೆ, ನಿಂಗೆ ಎಷ್ಟು ಬರ್ತದೆ?” ಎಂದೆ. ಕೇಳಬಾರದ ಪ್ರಶ್ನೆ ಬಾಯಿಂದ ಜಾರಿಹೋಗಿತ್ತು.

ಬಾಬಣ್ಣ ಸುತ್ತಮುತ್ತ ನೋಡಿ ಸ್ವರ ಇಳಿಸಿದ. “ಹತ್ತು ಕಿಲೋಮೀಟರ್ ಮಾರಾಯ. ನನ್ನ ಹೆಂಡತಿಗೆ ಹನ್ನೊಂದು.”

ಹಣ್ಣಿನಂಗಡಿಯವನು ತೂಕದ ಕಲ್ಲು ಕೈಯಲ್ಲಿ ಹಿಡಿದುಕೊಂಡೇ ಹತ್ತೂವರೆ ಎಂದ. ಪೇಪರು ಮಾರುವ ಹೆಂಗಸು ಒಂಬತ್ತು ಎಂದಳು. ನಮ್ಮ ಸೀಮೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಜನ ಬಹಿರಂಗವಾಗಿ ತಮ್ಮ ದೂರ ಹೇಳುತ್ತಿದ್ದರು. ಮೊಸರು ತರಲು ಹೊರಟಿದ್ದ ಸುಗಂಧಿ ಟೀಚರು ಬೋರ್ಡು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಂತದೂ ಬೇಡದವನು ಅಂತ ನಾವು ಕಳಿಸಿದ್ದು ಇವನನ್ನಾ?” ಎಂದರು.

ಬಸ್ ನಿಲ್ದಾಣ ಗೊಳ್ಳೆಂದು ನಕ್ಕಿತು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಆಮೇಲೆ. ಮೊದಲು ಬಂದದ್ದು ಸಂತೋಷ. ನಲವತ್ತಮೂರು ವರ್ಷ ಬೇಕು ಬೇಡವಿಲ್ಲದ ಮರದ ಕೊರಡು ಎನ್ನಿಸಿಕೊಂಡವನಿಗೆ ಇಷ್ಟು ಆಸೆಯಿತ್ತೇ! ಹತ್ತು ಕಿಲೋಮೀಟರನ್ನು ಅರುವತ್ತು ಮೀಟರಿಗೆ ಇಳಿಸುವಷ್ಟು? ಕಪ್ತಾನನ ಮೆಣಸಿನ ಆಸೆ ನನ್ನ ಮುಂದೆ ಯಾವ ಲೆಕ್ಕ? ಮಾಹಿತಿ ಕೊಠಡಿಯ ಕುರ್ಚಿಯಲ್ಲಿ ಕುಳಿತು ನಾನು ಒಬ್ಬನೇ ನಗುತ್ತಿದ್ದೆ. ಶೌಚಾಲಯ ಎಲ್ಲಿ ಎಂದು ಕೇಳಿದ ಪ್ರವಾಸಿಯೊಬ್ಬರಿಗೆ ಲೈಟ್‌ಹೌಸಿನ ಎತ್ತರ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ನಗು ಇಳಿಯಿತು. ಆ ಬೆಳಿಗ್ಗೆ ಘಟ್ಟದ ಮೇಲಿನ ಏಳು ಜನರ ಒಂದು ಕುಟುಂಬ, ಜೊತೆಗೊಬ್ಬರು ಮುದುಕಮ್ಮ, ನನ್ನ ಕೈಪಿಡಿಯನ್ನು ನಂಬಿ, ಅರುವತ್ತು ಮೀಟರಿಗೆ ಆಟೋ ಯಾಕೆಂದು ಲೈಟ್‌ಹೌಸಿಗೆ ನಡೆದೇ ಹೊರಟಿದ್ದರಂತೆ. ಮೂರು ಗಂಟೆ ನಡೆದು ಬೆವರು ಸುರಿಸುತ್ತ ಮುಟ್ಟಿದ ಮುದುಕಮ್ಮ ಕೊನೆಯ ಪುಟ ತೆರೆದು ವಾರಿಜರ ಮುಖದ ಮುಂದೆ ಹಿಡಿದು, “ಇದನ್ನ ಬರ್ದಿರೋನ್ಗೆ ಕಾಲಿದ್ದಾವೇನವ್ವ?” ಎಂದು ಕೇಳಿದರಂತೆ. ವಾಪಸು ಅವರನ್ನು ಬಸ್ಸಿನಲ್ಲಿ ತಂದ ಬಾಬಣ್ಣ ನನಗೆ ಇದನ್ನು ವರದಿ ಮಾಡಿದ.

“ವಾರಿಜಕ್ಕ ಎಂತ ಹೇಳಿದ್ರು?” ಎಂದೆ. ಅಂದು ‘ಅಕ್ಕ’ ಸಲೀಸಾಗಿ ಬಂತು, ಅಷ್ಟು ಹೆದರಿದ್ದೆ.

“ಪುಸ್ತಕ ಓದಿದ್ರು. ಅಜ್ಜಿಗೆ ಶರಬತ್ತು ಕೊಟ್ರು. ಮತ್ತೆ ಮೇಲೆ ಹೋಗಿ ಗ್ಲಾಸು ಒರೆಸ್ಲಿಕ್ಕೆ ಹಿಡಿದ್ರು. ಬೆಳಿಗ್ಗೆಯೇ ಒರೆಸಿದ ಗ್ಲಾಸು.”

ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಅವರಿಗೆ ಸಿಟ್ಟು ಬಂದಿದ್ದರೆ ನನ್ನ ಸಂಜೆಗಳು ಮುಗಿದವು. ಶರಬತ್ತು ಹೋಯಿತು, ಗಾಳಿಯ ಮಾತು ಹೋಯಿತು, ಕೆಮ್ಮುವ ಹಕ್ಕೂ ಹೋಯಿತು. ನನ್ನ ದೂರ ಈಗ ಮೂರು ಸಾವಿರ ಪ್ರತಿಗಳಲ್ಲಿದೆ. ಅವರಿಗೆ ನನ್ನವರೆಗೆ ಎಷ್ಟು ದೂರ? ನನಗೆ ಬೇಕಾದದ್ದು ಅದೊಂದೇ ಅಂಕಿ. ಆರು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಮನೆ ಕಡೆ ಬಂದವರಲ್ಲ, ಕರೆಯುವಷ್ಟು ಬುದ್ಧಿ ನನಗೂ ಇರಲಿಲ್ಲ.

ತಪ್ಪೊಪ್ಪಿಕೊಳ್ಳೋಣವೆಂದು ಮರುದಿನ ಬೆಳಿಗ್ಗೆ ಹೊರಟೆ. ನಾಚಿಕೆ ಎಂಥ ಪೀಡೆಯೆಂದು ಆವತ್ತು ತಿಳಿಯಿತು. ಹೋಗಬೇಕೆನ್ನಿಸಿದಾಗ ಐಸ್ ಫ್ಯಾಕ್ಟರಿ ಧಡಕ್ಕನೆ ಎದುರಿಗೆ ಬಂದು ನಿಲ್ಲುತ್ತಿತ್ತು, ಏನು ಹೇಳಲಿ ಎಂದು ಯೋಚನೆ ಬಂದ ಕೂಡಲೇ ಅಷ್ಟೇ ವೇಗದಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ಮೀನು ಮಾರ್ಕೆಟನ್ನು ಒಂಬತ್ತು ಸಲ ದಾಟಿದೆ. ಬಂಗುಡೆ ಮಾರುವ ಹೆಂಗಸರು ಮೊದಲೆರಡು ಸಲ ನಕ್ಕರು, ಆಮೇಲೆ ಪಾಪ ಕಂಡು ಕುಳಿತುಕೊಳ್ಳಲು ಬುಟ್ಟಿ ಬೋರಲು ಹಾಕಿದರು. ಮಧ್ಯಾಹ್ನ ಒಂದು ಗಂಟೆಗೆ ಸೋತು ಮನೆಯ ಕಡೆ ಮುಖ ಮಾಡಿದರೆ ಮೂರೇ ಹೆಜ್ಜೆಗೆ ಜಗಲಿ ಬಂತು.

ಶುಕ್ರವಾರ ಬಾಬಣ್ಣ ಸುದ್ದಿ ತಂದ. “ಆದಿತ್ಯವಾರ ನಾಲ್ಕು ಗಂಟೆಗೆ ವಾರಿಜಕ್ಕ ನಿನ್ನ ಮನೆಗೆ ಬರ್ತಾರಂತೆ.”

“ಎಂತಕ್ಕೆ?”

“ಬೈಲಿಕ್ಕೆ. ಹಾಗೇ ಹೇಳು ಅಂತ ಹೇಳಿದ್ದಾರೆ.”

“ಬೇಗ ಬಂದು ಮುಟ್ಟಿದ್ರೆ ಒಳ್ಳೇ ಲಕ್ಷಣ ಅಲ್ವಾ?” ಎಂದೆ ಆಸೆಯಿಂದ.

“ನಿಂಗೆ ಮಂಡೆ ಸಮ ಇಲ್ಲ. ಬೈಲಿಕ್ಕೆ ಹೊರಟವರಿಗೂ ದಾರಿ ಗಿಡ್ಡವೇ ಅಲ್ವಾ? ನನ್ನ ಚಿಕ್ಕಮ್ಮ ಒಂದು ಕಾಲು ಅವಳ ಅಂಗಳದಲ್ಲಿ, ಇನ್ನೊಂದು ಕಾಲು ನಮ್ಮ ಜಗಲಿಯಲ್ಲಿ ಇಟ್ಟು ನನ್ನ ಅಮ್ಮನಿಗೆ ಬೈದದ್ದುಂಟು. ಅದರಲ್ಲಿ ಎಂತದೂ ಗೊತ್ತಾಗುದಿಲ್ಲ.”

ಆದಿತ್ಯವಾರ ನಾನು ಅಂಗಳ ಗುಡಿಸಿದೆ, ಅಂಗಿ ಮೂರು ಸಲ ಬದಲಿಸಿದೆ. ನನ್ನ ಬೀದಿಯಲ್ಲಿ ಎಂದೂ ಇಲ್ಲದ ಜನಸಂಚಾರ. ಸುಗಂಧಿ ಟೀಚರು ನಮ್ಮ ಬೇಲಿಯ ಹತ್ತಿರ ಕಳೆದುಹೋಗದ ಕೊಡೆಯನ್ನು ಹುಡುಕುತ್ತಿದ್ದರು. ನನ್ನ ಜಗಲಿಯಿಂದ ದೂರದಲ್ಲಿ ಲೈಟ್‌ಹೌಸಿನ ತುದಿಯ ಕೆಂಪು ಬಾವುಟ ಕಾಣುತ್ತದೆ. ನಾಲ್ಕಕ್ಕೆ ಸರಿಯಾಗಿ ಅದು ಕೆಳಗಿಳಿಯಿತು. ಒಂದು ಲೋಟ ನೀರು ಕುಡಿಯೋಣವೆಂದು ತಿರುಗಿದೆ. ಹಿಂದೆ ಗೇಟಿನ ಚಿಲಕ ಸದ್ದಾಯಿತು.

ವಾರಿಜ ಅಂಗಳದಲ್ಲಿ ನಿಂತಿದ್ದರು. ಇಸ್ತ್ರಿ ಹಾಕಿದ ಹಸಿರು ಹತ್ತಿ ಸೀರೆ, ಕೈಯಲ್ಲಿ ಕೈಪಿಡಿ, ಮುಖದಲ್ಲಿ ಒಂದು ತೊಟ್ಟು ಬೆವರಿಲ್ಲ. ಬೀದಿಯಲ್ಲಿದ್ದವರೆಲ್ಲ ಮರ್ಯಾದೆಗೆ ಬೆನ್ನು ತಿರುಗಿಸಿಕೊಂಡರು, ಕಿವಿ ಮಾತ್ರ ಇತ್ತಲೇ ಇತ್ತು.

“ಎಂತ ಮಾರಾಯ್ರೆ ಇದು?” ಎಂದರು.

“ಅಚ್ಚಿನ ತಪ್ಪು,” ಎಂದೆ.

“ಸುಳ್ಳು ಹೇಳ್ಬೇಡಿ. ಆರು ವರ್ಷ ಬಂದ್ರಿ. ಶರಬತ್ತು ಕುಡಿದ್ರಿ. ಗಾಳಿ ತೆಂಕಣದಿಂದ ಬರ್ತದಾ ಬಡಗಣದಿಂದ ಬರ್ತದಾ ಅಂತ ಮಾತಾಡಿದ್ರಿ. ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ, ಮೂರು ಸಾವಿರ ಜನಕ್ಕೆ ಅಚ್ಚು ಹಾಕಿಸಿ ಹೇಳಿದ್ರಿ. ಕಡೆಗೆ ಯಾರೋ ಗುರ್ತವಿಲ್ಲದ ಅಜ್ಜಿ ಕಾಲು ನೋಯಿಸ್ಕೊಂಡು ಬಂದು ನಂಗೆ ತಿಳಿಸ್ಬೇಕಾ?”

“ನಂಗೇ ಗೊತ್ತಿರ್ಲಿಲ್ಲ,” ಎಂದೆ. ಇದು ನಿಜವಾಗಿತ್ತು. ಅವರು ಕೈಪಿಡಿಯ ಕೊನೆಯ ಪುಟ ತೆರೆದರು.

“ಚೀಟಿ ಅಚ್ಚು ಹಾಕಿಸಿ ಅಂಟಿಸಿ,” ಎಂದರು ಆಮೇಲೆ. “ಹತ್ತು ಕಿಲೋಮೀಟರ್ ಅಂತ ಬರೀರಿ. ಪಾಪದವರು ಬಿಸಿಲಲ್ಲಿ ನಡೀತಾರೆ.”

“ಆಯ್ತು. ನಿಮಗೆ ಇಲ್ಲಿಗೆ ಎಷ್ಟಾಯ್ತು?”

ಬೇಲಿಯಾಚೆ ಸುಗಂಧಿ ಟೀಚರ ಕೊಡೆ ಕೈಜಾರಿ ಬಿದ್ದ ಸದ್ದು ಕೇಳಿತು. ವಾರಿಜರ ಮುಖ ಕೆಂಪಾಯಿತು.

“ಅದು ಕೇಳುವ ಮಾತಾ? ನಾನು ಸಿಟ್ಟಲ್ಲಿ ಬಂದದ್ದು. ಅದು ಲೆಕ್ಕಕ್ಕಿಲ್ಲ. ನಾನು ಹೊರಟೆ.”

ಹೊರಟವರ ಬೆನ್ನು ನೋಡಬಾರದೆಂಬುದು ನಮ್ಮಲ್ಲಿ ಹಿರಿಯರಿಂದ ಬಂದ ನಡತೆ. ಎಷ್ಟು ಬೇಗ ಕಣ್ಮರೆಯಾದರೆಂದು ಆತಿಥ್ಯ ಕೊಟ್ಟವರಿಗೆ ತಿಳಿಯಬಾರದು, ತಿಳಿದರೆ ಮನಸ್ಸು ಮುರಿಯುತ್ತದೆ. ಬೀದಿಯವರೂ ಅದೇ ನಡತೆಗೆ ತಲೆಬಾಗಿ ಚದುರಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಿಟ್ಟು ಮುಗಿದವರಿಗೆ ಮನೆ ಹತ್ತಿರವೇ ಇರುತ್ತದೆ, ಇಷ್ಟರಲ್ಲಿ ಲೈಟ್‌ಹೌಸಿನ ಮೆಟ್ಟಿಲು ಹತ್ತುತ್ತಿರಬಹುದು ಎಂದುಕೊಂಡೆ. ಅಳು ಬಂತು, ಅತ್ತೆ. ಆಮೇಲೆ ಕಾಗದ ಕತ್ತರಿಸಿ ಹತ್ತು ಕಿಲೋಮೀಟರ್ ಎಂದು ಕೈಯಲ್ಲೇ ಬರೆಯತೊಡಗಿದೆ. ನಲವತ್ತು ಚೀಟಿ ಬರೆದು ಮನೆಯಲ್ಲಿದ್ದ ಕೈಪಿಡಿಗಳಿಗೆ ಅಂಟಿಸಿದೆ. ಗಡಿಯಾರ ಐದೂವರೆ ಹೊಡೆಯಿತು. ಆಗ ಗಮನಿಸಿದೆ, ಹೊರಗೆ ಚಪ್ಪಲಿಯ ಸದ್ದು. ಸರಪರ ಸರಪರ ಎಂದು, ಒಂದೇ ಸಮನೆ, ಬಹಳ ಹೊತ್ತಿನಿಂದ ಇತ್ತೆಂದು ಈಗ ಹೊಳೆಯಿತು. ಹಿರಿಯರ ನಡತೆ ಹಾಳಾಗಲಿ ಎಂದು ಬಾಗಿಲು ತೆರೆದೆ.

ಜಗಲಿಯಿಂದ ಗೇಟಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಆ ಇಪ್ಪತ್ತು ಹೆಜ್ಜೆಯ ನಡುವೆ, ಬಾವಿಕಟ್ಟೆಯ ಪಕ್ಕದಲ್ಲಿ, ವಾರಿಜ ನಡೆಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಬೀಸಿ, ತಲೆ ತಗ್ಗಿಸಿ ಬಿರುಸಾಗಿ ನಡೆಯುತ್ತಿದ್ದರು. ಸೀರೆಯ ಇಸ್ತ್ರಿ ಹೋಗಿತ್ತು, ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಗೇಟು ಅವರ ಎದುರಿಗೇ ಇತ್ತು. ಹೆಜ್ಜೆಯ ಮೇಲೆ ಹೆಜ್ಜೆ ಬೀಳುತ್ತಿತ್ತು, ಬಾವಿಕಟ್ಟೆ ದಾಟುತ್ತಿರಲಿಲ್ಲ. ಬಾಗಿಲಿನ ಸದ್ದಿಗೆ ಅವರು ನಿಂತರು, ತಿರುಗಿದರು, ಒಂದೇ ಒಂದು ಹೆಜ್ಜೆ ನನ್ನ ಕಡೆ ಇಟ್ಟರು. ಜಗಲಿ ಅವರ ಕಾಲ ಕೆಳಗಿತ್ತು. ಕಂಬಕ್ಕೆ ಒರಗಿ ಕುಳಿತು, ಚಪ್ಪಲಿ ಬಿಚ್ಚಿ, ಪಾದ ಒತ್ತಿಕೊಂಡರು.

“ಚಾ ಇಡಿ ಮಾರಾಯ್ರೆ,” ಎಂದರು ವಾರಿಜ. “ಒಂದೂವರೆ ಗಂಟೆ ನಡೆದೆ. ನಿಮ್ಮ ಗೇಟೇ ಬರ್ಲಿಲ್ಲ.”